ಉಳಿದ ಮಾತ್ರೆಗಳ ಹೆಮ್ಮೆ

ನಮ್ಮ ಕಡೆ ಬುದ್ಧಿಹಲ್ಲು ಕೀಳಿಸಿಕೊಂಡು ಬಂದವರು ವಾರ ಕಳೆದ ಮೇಲೆ ಹೇಳೋ ಮಾತು ಹೆಚ್ಚುಕಡಿಮೆ ಒಂದೇ. "ಡಾಕ್ಟ್ರು ಒಂದು ರಾಶಿ ಮಾತ್ರೆ ಬರೆದಿದ್ರು, ನಾನು ಎರಡೇ ತಗೊಂಡಿದ್ದು." ಹೇಳುವಾಗ ಮುಖದಲ್ಲಿ ಹೆಮ್ಮೆ ಇರುತ್ತದೆ. ಕೇಳಿದವರೂ "ಗಟ್ಟಿ ಜೀವ ನಿಂದು" ಅಂತ ತಲೆಯಾಡಿಸುತ್ತಾರೆ. ಉಳಿದ ಮಾತ್ರೆಗಳು ಫ್ರಿಜ್ ಮೇಲಿನ ಡಬ್ಬಿ ಸೇರುತ್ತವೆ. ಮುಂದೆ ಯಾರಿಗೋ ಸೊಂಟ ಹಿಡಿದಾಗ ಅಲ್ಲಿಂದ ಹೊರಗೆ ಬರುತ್ತವೆ. ವಿಚಿತ್ರ ಏನು ಅಂದ್ರೆ, ಇದೇ ಮನೆಗಳಲ್ಲಿ ನೆಗಡಿ ಬಂದರೆ ಮೆಡಿಕಲ್ ಶಾಪಿಗೆ ಹೋಗಿ ಆಂಟಿಬಯೋಟಿಕ್ ಕೇಳಿ ತಂದು, ಯಾರನ್ನೂ ವಿಚಾರಿಸದೆ ನುಂಗುತ್ತಾರೆ. ಅದಕ್ಕೆ ಯಾರೂ ಹೆದರಲ್ಲ. ನೋವಿನ ಮಾತ್ರೆಗೆ ಮಾತ್ರ ಎಲ್ಲಿಲ್ಲದ ಜಿಪುಣತನ.

ಕಾರಣ ಕೇಳಿದರೆ ಸುಮಾರು ಸಿಗುತ್ತವೆ. ಹೀಟ್ ಆಗತ್ತೆ. ಕಿಡ್ನಿ ಹೋಗತ್ತೆ. ಅಭ್ಯಾಸ ಆಗತ್ತೆ. ಕತ್ತಿ ತಾಗಿ ರಕ್ತ ಸುರಿದರೂ ಕಮ್ಯುನಿಸ್ಟ್ ಸೊಪ್ಪು ಹಿಂಡಿಕೊಂಡು ಕೆಲಸ ಮುಂದುವರಿಸೋ ಊರು ನಮ್ಮದು, ಅಲ್ಲಿ ಒಂದು ಹಲ್ಲಿಗೆ ಮಾತ್ರೆ ಮೇಲೆ ಮಾತ್ರೆ ನುಂಗೋದು ನಾಚಿಕೆಯ ವಿಷಯವೇ. ಇವುಗಳ ನಡುವೆ ಯೋಚಿಸಬೇಕಾದ ಕಾರಣ ನನಗೆ ಕಂಡಿದ್ದು ಒಂದೇ: "ಮಾತ್ರೆ ನೋವನ್ನ ಮುಚ್ಚಿಬಿಡತ್ತೆ, ಒಳಗೆ ಏನಾಗ್ತಿದೆ ಅಂತ ಗೊತ್ತೇ ಆಗಲ್ಲ." ಇದು ಪೆದ್ದು ಮಾತಲ್ಲ. ನೋವು ಅನ್ನೋದು ಒಂದು ಸುದ್ದಿ ತಾನೇ, ಅದರ ಬಾಯಿ ಕಟ್ಟಿದರೆ ಹೇಗೆ? ನಾನೂ ಇದನ್ನ ಬಹಳ ದಿನ ತಲೆಯಲ್ಲಿ ತಿರುಗಿಸಿದೆ. ನನ್ನ ಹಲ್ಲು ಕೀಳಿಸಿ, ಆಮೇಲೆ ನಮ್ಮ ಭಾವನ ಹಲ್ಲಿನ ಪಾಡು ನೋಡಿದ ಮೇಲೆ, ವಿಷಯ ಪೂರ್ತಿ ತಿರುಗುಮುರುಗು ಅಂತ ಅನ್ನಿಸತೊಡಗಿತು.

ಮಂಡಗದ್ದೆವರೆಗೆ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಹಲ್ಲಿನ ಡಾಕ್ಟರಿಗೆ ಬರ ಇಲ್ಲ. ನಾನು ಹೋದದ್ದು ಒಂದು ಸಣ್ಣ ಕ್ಲಿನಿಕ್ಕಿಗೆ, ಜೋರು ಮಳೆಯ ದಿನ. ಕೆಳದವಡೆ, ಬಲಗಡೆ. ಹಲ್ಲು ಮುಂದಿನ ಹಲ್ಲಿಗೆ ಒರಗಿಕೊಂಡು ಅರ್ಧ ಒಸಡಿನೊಳಗೇ ಕೂತಿತ್ತು. ಆಗಾಗ ಅದರ ಮೇಲಿನ ಒಸಡು ಬಾತು, ಬಾಯಿ ತೆರೆಯೋಕೆ ಆಗದೆ, ಮತ್ತೆ ತಾನಾಗೇ ಇಳಿದು, ಹೀಗೇ ಆಟ ಆಡಿಸುತ್ತಿತ್ತು. ಕೀಳಿಸಿದ ಕಥೆ ಹೇಳಲ್ಲ, ಅದರಲ್ಲಿ ಹೇಳೋಕೆ ಹೆಚ್ಚೇನೂ ಇಲ್ಲ. ಲಿಗ್ನೊಕೇನ್ ಇಂಜೆಕ್ಷನ್ ಕೊಟ್ಟರು, ತುಟಿ ನಾಲಿಗೆ ಅರ್ಧರ್ಧ ಇಲ್ಲವಾದವು. ಆಮೇಲೆ ಒತ್ತೋದು, ಅಲ್ಲಾಡಿಸೋದು, ಕೊರೆಯೋದು ಎಲ್ಲ ಗೊತ್ತಾಗುತ್ತದೆ, ನೋವು ಮಾತ್ರ ಗೊತ್ತಾಗಲ್ಲ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಈ ಔಷಧಿ ತಯಾರಿಸಿದ್ದಂತೆ. ಆ ಪುಣ್ಯಾತ್ಮನನ್ನ ನೆನೆಸಿಕೊಳ್ಳೋಕೆ ಆ ಕುರ್ಚಿಗಿಂತ ಒಳ್ಳೆ ಜಾಗ ಇಲ್ಲ.

ಹೊರಗೆ ಬಂದ ಮೇಲೆ ಡಾಕ್ಟರು ಹೇಳಿದ್ದು ನನಗೆ ಹೊಸದು. "ನೋವು ಶುರುವಾಗೋವರೆಗೆ ಕಾಯಬೇಡಿ. ಮರಗಟ್ಟಿದ್ದು ಬಿಡೋ ಮುಂಚೆನೇ ಮೊದಲ ಮಾತ್ರೆ ಹೊಟ್ಟೆಯಲ್ಲಿ ಇರಬೇಕು. ನಾಳೆ ಸಂಜೆವರೆಗೂ ನೋವಿದೆಯೋ ಇಲ್ಲವೋ ಅಂತ ನೋಡಬೇಡಿ, ಗಡಿಯಾರ ನೋಡಿ." ಜೊತೆಗಿದ್ದ ಅಣ್ಣ ಮುಖ ಗಂಟು ಹಾಕಿದ. ನೋವೇ ಇಲ್ಲದಿರುವಾಗ ನೋವಿನ ಮಾತ್ರೆ ಎಂತಕ್ಕೆ ಅಂತ ಅವನ ಪ್ರಶ್ನೆ. ಕೇಳಲಿಲ್ಲ, ಮುಖದಲ್ಲೇ ಇತ್ತು.

ಖಾಲಿ ಹೊಟ್ಟೆಗೆ ನುಂಗೋ ಹಾಗಿಲ್ಲ. ಕಚ್ಚಿ ಹಿಡಿದಿದ್ದ ಗಾಜ್ ಬಟ್ಟೆಯನ್ನ ಮುಕ್ಕಾಲು ಗಂಟೆ ಬಿಟ್ಟು ತೆಗೆದು, ಬಸ್ ಸ್ಟ್ಯಾಂಡಿನಲ್ಲಿ ತಣ್ಣನೆ ಮಜ್ಜಿಗೆ ಪ್ಯಾಕೆಟ್ ತಗೊಂಡೆವು. ಅಭ್ಯಾಸಬಲ, ಮೂಲೆಯನ್ನ ಹಲ್ಲಲ್ಲಿ ಕಚ್ಚಿ ಹರಿಯೋಕೆ ಹೊರಟಿದ್ದೆ, ಅಣ್ಣ ಕಸಿದುಕೊಂಡ. ಸ್ಟ್ರಾ ಹಾಕಿ ಹೀರುವ ಹಾಗೂ ಇಲ್ಲ, ಹೀರಿದರೆ ಹಲ್ಲಿನ ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಎದ್ದು ಬರಬಹುದು. ಉಗುಳೋ ಹಾಗೂ ಇಲ್ಲ, ಅದೂ ಅದೇ ಕಾರಣಕ್ಕೆ. ಬಸ್ಸಿನ ಕಿಟಕಿ ಇರೋದೇ ಉಗುಳೋಕೆ ಅಂತ ತಿಳಿದ ಜನರ ನಡುವೆ ಕೂತು, ರಕ್ತ ಬೆರೆತ ಜೊಲ್ಲು ನುಂಗುತ್ತಾ ತೀರ್ಥಹಳ್ಳಿ ಕಡೆ ಹೊರಟೆ.

ಗಾಜನೂರು ದಾಟಿದೆವು. ಸಕ್ರೆಬೈಲು ದಾಟಿತು. ತುಟಿ ಇನ್ನೂ ನನ್ನದಲ್ಲ. ಮಂಡಗದ್ದೆ ಹತ್ತಿರ ಬರುವಾಗ ಗಲ್ಲದಲ್ಲಿ ಜುಮುಜುಮು ಶುರುವಾಯಿತು, ಆಮೇಲೆ ನಾಲಿಗೆಯ ಅಂಚು, ಆಮೇಲೆ ತುಟಿ. ಈಗ ಬರುತ್ತದೆ, ಈಗ ಬರುತ್ತದೆ ಅಂತ ಸೀಟಿನ ಕಂಬಿ ಹಿಡಿದು ಕೂತಿದ್ದೆ. ಬಂತು. ಆದರೆ ನಾನು ಹೆದರಿದಷ್ಟು ಬರಲಿಲ್ಲ. ಭಾರವಾದ, ಮಂದವಾದ ನೋವು. ಗುಂಡಿ ಸಿಕ್ಕಾಗ ದವಡೆಯೊಳಗೆ ಚಳಕು. ಅಷ್ಟೇ. ಮಾತ್ರೆ ನನಗಿಂತ ಮುಂಚೆ ಅಲ್ಲಿಗೆ ಹೋಗಿ ಕೂತಿತ್ತು.

ಗಡಿಯಾರ ನೋಡೋದು ಯಾಕೆ

ಆಮೇಲೆ ಓದಿ ತಿಳಿದುಕೊಂಡದ್ದು ಇಷ್ಟು. ಮೂಳೆ, ಒಸಡು ಗಾಯವಾದಾಗ ಅಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕ ತಯಾರಾಗುತ್ತದೆ. ಅದು ಅಲ್ಲಿನ ನರಗಳನ್ನ ಕೆರಳಿಸುತ್ತದೆ, ಊತವನ್ನೂ ಏರಿಸುತ್ತದೆ. ಇಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಇವೆಲ್ಲ ಅದರ ತಯಾರಿಯನ್ನೇ ತಡೆಯುವ ಔಷಧಿಗಳು. ತಯಾರಾಗಿ ಹರಡಿದ್ದನ್ನ ವಾಪಸ್ ಎಳೆಯೋ ಕೆಲಸ ಅವುಗಳದ್ದಲ್ಲ. ಜೊತೆಗೆ ನುಂಗಿದ ಮಾತ್ರೆ ಕೆಲಸ ಶುರುಮಾಡೋಕೆ ಅರ್ಧ ಗಂಟೆ, ಒಂದು ಗಂಟೆ ಬೇಕು. ಬುದ್ಧಿಹಲ್ಲು ಕಿತ್ತ ನೋವು ಅತಿ ಜಾಸ್ತಿ ಇರೋದು ಮೊದಲ ದಿನವೇ, ಮರಗಟ್ಟಿದ್ದು ಬಿಟ್ಟ ಮೇಲಿನ ಕೆಲವು ಗಂಟೆ. ತಡೆಯೋಕಾಗದಷ್ಟು ಆದಮೇಲೆ ಮಾತ್ರೆ ಹುಡುಕೋದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. ಆಮೇಲೆ "ಮಾತ್ರೆ ತಗೊಂಡ್ರೂ ಏನೂ ಪ್ರಯೋಜನ ಇಲ್ಲ" ಅಂತ ದೂರೋದು ಬೇರೆ.

ಇನ್ನೊಂದು ವಿಷಯ ನನ್ನನ್ನ ನಗಿಸಿತು. ಹೊಸ ನೋವಿನ ಮಾತ್ರೆಗಳನ್ನ ಪರೀಕ್ಷೆ ಮಾಡೋಕೆ ಸಂಶೋಧಕರು ಮತ್ತೆ ಮತ್ತೆ ಹುಡುಕಿಕೊಂಡು ಹೋಗೋದು ಬುದ್ಧಿಹಲ್ಲು ಕೀಳಿಸಿಕೊಂಡವರನ್ನೇ. ಹೆಚ್ಚಿನವರು ಹರೆಯದವರು, ಬೇರೆ ಕಾಯಿಲೆ ಇರಲ್ಲ, ನೋವು ಹೇಳಿದ ಹೊತ್ತಿಗೆ ಬರುತ್ತದೆ, ಚೆನ್ನಾಗೇ ಬರುತ್ತದೆ. ಪರೀಕ್ಷೆಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಅಂದ್ರೆ ನಾವು ತಲೆನೋವಿಗೆ, ಮೈಕೈ ನೋವಿಗೆ ನುಂಗುವ ಎಷ್ಟೋ ಮಾತ್ರೆಗಳ ಲೆಕ್ಕಾಚಾರ ಯಾರದೋ ದವಡೆಯ ಮೇಲೆ ಆಗಿರೋದು. ಹಾಗಾಗಿ ಈ ಒಂದು ನೋವಿಗೆ ಏನು ಕೊಟ್ಟರೆ ಏನಾಗುತ್ತದೆ ಅನ್ನೋದು ಬಹಳ ಚೆನ್ನಾಗಿ ಗೊತ್ತಿದೆ. 2013ರಲ್ಲಿ ಕಾಕ್ರೇನ್ ಅನ್ನೋ, ವೈದ್ಯಕೀಯ ಪರೀಕ್ಷೆಗಳನ್ನ ತೂಗಿ ನೋಡೋ ಸಂಸ್ಥೆಯವರು ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಬುದ್ಧಿಹಲ್ಲಿನ ನೋವಿಗೆ ಪ್ಯಾರಸಿಟಮಾಲ್‌ಗಿಂತ ಇಬುಪ್ರೊಫೆನ್ ಮೇಲು, ಎರಡೂ ಸೇರಿದರೆ ಇನ್ನೂ ಮೇಲು ಅಂತ ಕಂಡಿತ್ತು. ಅಮೆರಿಕದಲ್ಲಿ ಹಲ್ಲು ಕಿತ್ತವರಿಗೆ ಅಫೀಮಿನ ಜಾತಿಯ ಮಾತ್ರೆಗಳನ್ನ ಸುಮ್ನೆ ಬರೆದುಕೊಟ್ಟು ಕೊಟ್ಟು ಫಜೀತಿ ಮಾಡಿಕೊಂಡು, 2024ರಲ್ಲಿ ಅಲ್ಲಿನ ದಂತವೈದ್ಯರ ಸಂಘವೂ ದೊಡ್ಡವರಿಗೆ ಮೊದಲು ಈ ಸಾದಾ ಮಾತ್ರೆಗಳನ್ನೇ ಕೊಡಿ ಅಂದಿದೆ. (ಇಬುಪ್ರೊಫೆನ್ ಕಂಡುಹಿಡಿದ ಸ್ಟುವರ್ಟ್ ಆಡಮ್ಸ್ ಅದನ್ನ ಮೊದಮೊದಲು ತನ್ನ ಮೇಲೇ ಪ್ರಯೋಗಿಸಿಕೊಂಡದ್ದು, ರಾತ್ರಿ ಕುಡಿದದ್ದರ ತಲೆನೋವಿಗೆ. ಬೆಳಿಗ್ಗೆ ಭಾಷಣ ಇತ್ತಂತೆ.)

ಹೀಗಂತ ಡಬ್ಬಿ ಖಾಲಿ ಮಾಡಿ ಅಂತ ಹೇಳ್ತಿಲ್ಲ. ಕಿಡ್ನಿ ಹೋಗತ್ತೆ ಅನ್ನೋ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಇರೋರು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು, ಕೆಲವು ಆಸ್ತಮಾದವರು, ಗರ್ಭಿಣಿಯರು ಇಬುಪ್ರೊಫೆನ್ ಜಾತಿಯ ಮಾತ್ರೆಯನ್ನ ಡಾಕ್ಟರನ್ನ ಕೇಳದೆ ಮುಟ್ಟಬಾರದು. ಆದರೆ ಆರೋಗ್ಯವಾಗಿರೋರು ಡಾಕ್ಟರು ಬರೆದಷ್ಟನ್ನೇ ಮೂರ್ನಾಲ್ಕು ದಿನ ಊಟದ ಮೇಲೆ ತಗೊಳ್ಳೋದಕ್ಕೂ, ಮಂಡಿನೋವಿಗೆ ಅಂತ ವರ್ಷಗಟ್ಟಲೆ ನುಂಗೋದಕ್ಕೂ ಬಹಳ ವ್ಯತ್ಯಾಸ ಇದೆ. ನನಗೆ ಜಾಸ್ತಿ ಹೆದರಿಕೆ ಇರೋದು ಇನ್ನೊಂದು ವಿಷಯಕ್ಕೆ. ನಮ್ಮಲ್ಲಿ ಸಿಗೋ ನೋವಿನ ಮಾತ್ರೆಗಳಲ್ಲಿ ಅನೇಕವು ಎರಡು ಔಷಧಿ ಬೆರೆಸಿದವು. ಇಬುಪ್ರೊಫೆನ್ 400 ಜೊತೆ ಪ್ಯಾರಸಿಟಮಾಲ್ 325, ಅಥವಾ ಅಸೆಕ್ಲೋಫೆನಾಕ್ 100 ಜೊತೆ ಅದೇ 325. ಹೆಸರು ಬೇರೆ ಬೇರೆ. ಇದನ್ನ ನುಂಗಿ, ನೋವು ಇಳಿಯಲಿಲ್ಲ ಅಂತ ಮನೆಯಲ್ಲಿದ್ದ ಇನ್ನೊಂದು ಹೆಸರಿನದ್ದನ್ನೂ ನುಂಗಿ, ಮೈ ಬೆಚ್ಚಗಿದೆ ಅಂತ ಪ್ಯಾರಸಿಟಮಾಲ್ 650 ಬೇರೆ ಹಾಕಿಕೊಂಡರೆ ಲೆಕ್ಕ ಎಲ್ಲಿಗೆ ಹೋಯಿತು? ದೊಡ್ಡವರಿಗೂ ಪ್ಯಾರಸಿಟಮಾಲ್ 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು. ಇಬುಪ್ರೊಫೆನ್, ಅಸೆಕ್ಲೋಫೆನಾಕ್ ಎರಡನ್ನೂ ಒಟ್ಟಿಗೆ ತಗೊಳ್ಳಲೇಬಾರದು. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರೋದನ್ನ ಓದೋಕೆ ಒಂದು ನಿಮಿಷ ಸಾಕು.

ನಮ್ಮ ಜಿಲ್ಲೆಯವರಿಗೆ ಇನ್ನೂ ಒಂದು ಮಾತು. ಹಲ್ಲು ಕಿತ್ತ ಮೇಲೆ ಮೈ ಸ್ವಲ್ಪ ಬೆಚ್ಚಗಾಗೋದು ಇದ್ದದ್ದೇ. ಆದರೆ ಜೋರು ಜ್ವರ ಬಂದರೆ ಅದನ್ನ ಹಲ್ಲಿನ ತಲೆಗೆ ಕಟ್ಟಬೇಡಿ. ಮಳೆಗಾಲದಲ್ಲಿ ಡೆಂಗ್ಯೂ, ಬೇಸಿಗೆಯಲ್ಲಿ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಾದ ಈ ಜ್ವರ ಇವತ್ತಿಗೂ ಮಲೆನಾಡು ಬಿಟ್ಟು ಹೋಗಿಲ್ಲ. ಎರಡರಲ್ಲೂ ರಕ್ತಸ್ರಾವದ ಭಯ ಇರೋದರಿಂದ ಇಬುಪ್ರೊಫೆನ್ ಜಾತಿಯ ಮಾತ್ರೆ ನಿಲ್ಲಿಸಿ, ನೇರ ಆಸ್ಪತ್ರೆಗೆ ಹೋಗಬೇಕು.

ಕರೆಂಟಿಲ್ಲದ ಊರಲ್ಲಿ ಐಸು

ಡಾಕ್ಟರು ಕೊಟ್ಟ ಚೀಟಿಯಲ್ಲಿ ಐಸ್ ಪ್ಯಾಕ್ ಅಂತ ಇತ್ತು. ಇಪ್ಪತ್ತು ನಿಮಿಷ ಇಡಿ, ಇಪ್ಪತ್ತು ನಿಮಿಷ ಬಿಡಿ, ಮೊದಲ ದಿನ ಪೂರ್ತಿ. ಚೀಟಿ ಅಚ್ಚು ಹಾಕಿಸಿದವರಿಗೆ ಮಲೆನಾಡಿನ ಮಳೆಗಾಲ ಗೊತ್ತಿರಲಿಕ್ಕಿಲ್ಲ. ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರತ್ತೆ ಅಂತ ಲೈನ್‌ಮನ್‌ಗೂ ಗೊತ್ತಿರಲ್ಲ. ಫ್ರೀಜರಿನಲ್ಲಿ ಐಸ್ ಕರಗಿ ನೀರಾಗಿ ಕೂತಿತ್ತು. ಕೊನೆಗೆ ಅಣ್ಣನೇ ದಾರಿ ಹುಡುಕಿದ. ಹಿತ್ತಲಿಗೆ ಗುಡ್ಡದಿಂದ ಅಬ್ಬಿ ನೀರು ಬೀಳುತ್ತದೆ, ಆಷಾಢದಲ್ಲಿ ಅದಕ್ಕೆ ಕೈ ಇಟ್ಟರೆ ಬೆರಳು ಸೆಟೆಯುತ್ತದೆ. ಪಾಣಿಪಂಚೆ ಅದರಲ್ಲಿ ನೆನೆಸಿ ಹಿಂಡಿ ಕೆನ್ನೆಗೆ ಇಟ್ಟುಕೊಂಡೆ. ಬೆಚ್ಚಗಾದ ಕೂಡಲೇ ಇನ್ನೊಂದು. ಐಸಿನಷ್ಟು ಅಲ್ಲದಿದ್ದರೂ ನೋವಿನ ಮಟ್ಟಿಗೆ ಸಾಕಿತ್ತು. ಊತ ಮಾತ್ರ ಏನು ಮಾಡಿದರೂ ಎರಡನೇ, ಮೂರನೇ ದಿನ ಏರಿಯೇ ಏರುತ್ತದೆ, ಆಮೇಲೆ ಇಳಿಯುತ್ತದೆ. ಅದನ್ನ ನೋಡಿ ಗಾಬರಿಯಾಗೋ ಕೆಲಸ ಇಲ್ಲ.

ಊಟಕ್ಕೆ ಮಾತ್ರ ನಮ್ಮ ಕಡೆ ಹುಟ್ಟಿದ್ದು ಪುಣ್ಯ. ಎಲ್ಲರೂ ಐಸ್‌ಕ್ರೀಮ್ ತಿನ್ನು ಅಂದರು. ಅಮ್ಮ ಕೇಳಲಿಲ್ಲ, ಈ ಮಳೆಗೆ ಥಂಡಿ ಆಗಿ ಕೆಮ್ಮು ಹಿಡಿದರೆ ಏನು ಗತಿ ಅಂತ. ಆದರೆ ಅದೇ ಅಮ್ಮನಿಗೆ ಒಂದೆಲಗದ ತಂಬುಳಿ ಥಂಡಿ ಅನ್ನಿಸಲಿಲ್ಲ! ಮಜ್ಜಿಗೆ ಹಾಕಿದ್ದು, ತಣ್ಣಗಿರೋದು, ಖಾರ ಇಲ್ಲದ್ದು, ಅಗಿಯೋ ಕೆಲಸ ಇಲ್ಲದ್ದು. ಆರಿದ ಗಂಜಿಗೆ ಅದನ್ನ ಕಲಸಿ ಎಡಗಡೆಯಿಂದ ನುಂಗುತ್ತಿದ್ದೆ. ಒಗ್ಗರಣೆ ಬೇಡ ಅಂತ ಮಾತ್ರ ಹೇಳಿ, ಸಾಸಿವೆ ಕಾಳು ಕುಳಿಯಲ್ಲಿ ಹೋಗಿ ಕೂತರೆ ತೆಗೆಯೋದು ಸಾಹಸ. ನುಚ್ಚು, ರವೆಯೂ ಹಾಗೇ.

ಅಮ್ಮನ ಜೊತೆ ಜಗಳ ಆಗಿದ್ದು ಮಾತ್ರೆ ವಿಷಯಕ್ಕೇ. ರಾತ್ರಿ ಅಲಾರಂ ಹೊಡೆದು ನಾನು ಎದ್ದು ಕೂತರೆ ಅವಳೂ ಎದ್ದಳು. "ನೋವಿದ್ಯಾ?" "ಅಷ್ಟೇನಿಲ್ಲ." "ಮತ್ತೆಂತಕ್ಕೆ ನುಂಗೂದು?" ಅಷ್ಟೇನಿಲ್ಲ ಅನ್ನೋದು ನುಂಗಿದ್ದರಿಂದಲೇ ಅಂತ ಆ ಹೊತ್ತಲ್ಲಿ, ಬಾಯಿ ಅರ್ಧ ತೆರೆಯೋ ಸ್ಥಿತಿಯಲ್ಲಿ, ಅವಳಿಗೆ ಹೇಗೆ ವಿವರಿಸೋದು. ಗಂಜಿ ಎರಡು ಚಮಚ ಬಾಯಿಗೆ ಹಾಕಿಕೊಂಡು ನುಂಗಿದೆ, ಎರಡು ದಿಂಬು ಇಟ್ಟುಕೊಂಡು ಮಲಗಿದೆ. ತಲೆ ಎತ್ತರದಲ್ಲಿದ್ದರೆ ಸಿಡಿತ ಕಡಿಮೆ. ಮರುದಿನದಿಂದ ಬೆಚ್ಚನೆ ಉಪ್ಪುನೀರು, ಮುಕ್ಕಳಿಸೋದಲ್ಲ, ಬಾಯಲ್ಲಿ ಇಟ್ಟುಕೊಂಡು ತಲೆ ವಾಲಿಸಿ ಬಿಡೋದು. ದಿನ ದಿನಕ್ಕೆ ನೋವು ಇಳಿಯಿತು. ಮಾತ್ರೆಗಳ ನಡುವಿನ ಹೊತ್ತು ತಾನಾಗೇ ಉದ್ದವಾಯಿತು. ನಾನು ಗಮನಿಸಿದ್ದು ಇದನ್ನೇ, ಇಳಿಯೋದು.

ಭಾವನ ಕವಳ

ಸಾಗರದ ಕಡೆ ಇರೋ ನಮ್ಮ ಭಾವ ಹಲ್ಲು ಕೀಳಿಸಿದ್ದು ಅದಾದ ಮುಂದಿನ ವರ್ಷ. ನಲವತ್ತು ದಾಟಿದ ಮೇಲೆ. ಅಕ್ಕನ ಮನೆಗೆ ನಾನು ಹೋದಾಗ ಜಗಲಿಯಲ್ಲಿ ಕೆನ್ನೆ ಹಿಡಿದು ಕೂತಿದ್ದರು. ಮೊದಲ ದಿನ ಒಂದು ಮಾತ್ರೆ, ಎರಡನೇ ದಿನ ಇನ್ನೊಂದು, ಆಮೇಲೆ ನಿಲ್ಲಿಸಿದ್ದಾರೆ. ಗಟ್ಟಿ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಮೂರನೇ ದಿನ ಕವಳ ಹಾಕಿದ್ದಾರೆ, ಎಲೆ ಅಡಿಕೆ ಸುಣ್ಣ ಹೊಗೆಸೊಪ್ಪು ಎಲ್ಲ ಸೇರಿಸಿ. ಬೇಡ ಅಂತ ಅಕ್ಕ ಹೇಳಿದ್ದಕ್ಕೆ, "ಕಿತ್ತದ್ದು ಆ ಕಡೆ, ನಾನು ಜಗಿಯೋದು ಈ ಕಡೆ" ಅಂದರಂತೆ. ನಾನು ಹೋಗುವಾಗ ನೋವು ದವಡೆಯಿಂದ ಕಿವಿವರೆಗೆ ಏರಿತ್ತು. ಎರಡು ರಾತ್ರಿ ನಿದ್ದೆ ಇಲ್ಲ. ಕಿವಿಗೆ ಬೆಚ್ಚನೆ ಎಣ್ಣೆ ಬಿಟ್ಟುಕೊಂಡಿದ್ದರು. ಬಾಯಿಂದ ಕೆಟ್ಟ ವಾಸನೆ.

"ಡಾಕ್ಟರಿಗೆ ತೋರಿಸಿದ್ರಾ ಭಾವ?" ಅಂದೆ.

"ಹಲ್ಲು ಕಿತ್ತ ಮೇಲೆ ನೋವು ಬರದೆ ಇನ್ನೇನು ಬರ್ತದೆ ಮಾರಾಯ್ತಿ."

ಈ ಉತ್ತರ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅವರಿಗೆ ಆಗಿದ್ದು ಡ್ರೈ ಸಾಕೆಟ್. ಕುಳಿಯಲ್ಲಿ ಕಟ್ಟಿದ ಹೆಪ್ಪು ಕಳಚಿ ಹೋಗಿ ಅಥವಾ ಕರಗಿ, ಒಳಗಿನ ಮೂಳೆ ಗಾಳಿಗೆ, ಅನ್ನಕ್ಕೆ, ಜೊಲ್ಲಿಗೆ ತೆರೆದುಕೊಳ್ಳೋದು. ಕೆಳದವಡೆಯ ಬುದ್ಧಿಹಲ್ಲಿಗೇ ಇದರ ಕಾಟ ಜಾಸ್ತಿ, ಹೊಗೆಸೊಪ್ಪು, ಬೀಡಿ ಸಿಗರೇಟು ಇದ್ದರೆ ಇನ್ನೂ ಜಾಸ್ತಿ. ಇದು ಬರೋ ಹೊತ್ತು ಸಾಮಾನ್ಯವಾಗಿ ಮೂರನೇ ದಿನದಿಂದ ಐದನೇ ದಿನ. ಅಂದ್ರೆ ಉಳಿದವರ ನೋವು ಇಳಿಯೋ ಹೊತ್ತಿಗೆ ಇವರದ್ದು ಏರುತ್ತದೆ. ಗುರುತು ಅದೇ. ಆದರೆ ಭಾವನಿಗೆ ಆ ಏರಿದ್ದು ಕಾಣಲೇ ಇಲ್ಲ, ಯಾಕೆಂದರೆ ಮೊದಲ ದಿನದಿಂದಲೂ ಅವರು ನೋವಿನಲ್ಲೇ ಇದ್ದರು. ಹಲ್ಲು ಕಚ್ಚಿ ತಡೆದುಕೊಂಡವರಿಗೆ ಎಲ್ಲ ನೋವೂ ಒಂದೇ, ತಡೆದುಕೊಳ್ಳಬೇಕಾದ್ದು. ಮಾತ್ರೆ ನೋವನ್ನ ಮುಚ್ಚುತ್ತದೆ ಅನ್ನೋ ವಾದಕ್ಕೆ ನನಗೆ ಸಿಕ್ಕ ಉತ್ತರ ಅಲ್ಲೇ ಜಗಲಿಯಲ್ಲಿ ಕೂತಿತ್ತು. ಹೊತ್ತುಹೊತ್ತಿಗೆ ಮಾತ್ರೆ ತಗೊಂಡು, ನೋವು ದಿನದಿನಕ್ಕೆ ಇಳಿಯೋದನ್ನ ಕಂಡವರಿಗೆ, ಮಾತ್ರೆ ಮೀರಿ ಬರೋ ನೋವು ತಕ್ಷಣ ಕಣ್ಣಿಗೆ ಬೀಳುತ್ತದೆ. ಗಾಯದ ಸಾಮಾನ್ಯ ನೋವನ್ನ ತಗ್ಗಿಸಿಟ್ಟರೆ ತಾನೇ ಹೊಸ ನೋವಿನ ಮಾತು ಕೇಳೋದು. ಭಾವನ ಮನೆಯಲ್ಲಿ ಸುದ್ದಿ ಬಂದು ಎರಡು ರಾತ್ರಿ ಬಾಗಿಲಲ್ಲೇ ನಿಂತಿತ್ತು.

ಕರೆದುಕೊಂಡು ಹೋದೆವು. ಡಾಕ್ಟರು ಬೈಯಲಿಲ್ಲ, ದಿನಾ ನೋಡೋ ವಿಷಯ ಇರಬೇಕು. ಕುಳಿಯನ್ನ ತೊಳೆದು, ಔಷಧಿ ಅದ್ದಿದ ಪಟ್ಟಿಯನ್ನ ಒಳಗೆ ತುಂಬಿದರು. ಕೋಣೆ ತುಂಬ ಲವಂಗದ ವಾಸನೆ. ಯುಜಿನಾಲ್ ಅಂದರೆ ಲವಂಗದ ಎಣ್ಣೆಯ ಮುಖ್ಯ ಅಂಶ, ಹಲ್ಲಿನ ಆಸ್ಪತ್ರೆ ವಾಸನೆ ಅಂತ ನಾವು ಮೂಗು ಮುಚ್ಚಿಕೊಳ್ಳೋದು ಬಹಳ ಸಲ ಇದಕ್ಕೇ. ಹೊರಗೆ ಬರುವಷ್ಟರಲ್ಲಿ ಭಾವನ ಮುಖ ಬದಲಾಗಿತ್ತು. "ಮನೆಯಲ್ಲೇ ಲವಂಗ ಇತ್ತಲ್ಲ, ಅದನ್ನೇ ಒತ್ತಿಕೊಂಡಿದ್ರೆ ಆಗ್ತಿತ್ತು" ಅಂತ ಬಸ್ಸಿನಲ್ಲಿ ಶುರುಮಾಡಿದರು. ಆಗಲ್ಲ. ಲವಂಗದ ಎಣ್ಣೆಯನ್ನ ಹಾಗೇ ಹಸಿ ಗಾಯಕ್ಕೆ ಬಿಟ್ಟರೆ ಒಸಡು ಸುಟ್ಟ ಹಾಗಾಗುತ್ತದೆ. ಕಾಳನ್ನ ಕುಳಿಗೆ ತುರುಕಿದರೆ ಅದೇ ಕಸ. ತೊಳೆದು, ಅಳತೆ ನೋಡಿ ಇಟ್ಟದ್ದಕ್ಕೆ ಅದು ಕೆಲಸ ಮಾಡಿದ್ದು.

ಅಡಿಕೆಯ ದುಡ್ಡಲ್ಲೇ ಓದಿ ಬೆಳೆದವಳು ನಾನು, ಹಾಗಾಗಿ ಮುಂದಿನದನ್ನ ಬರೆಯೋದು ಸ್ವಲ್ಪ ಕಷ್ಟ. ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆಲವರಿಗೆ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ಎರಡು ಬೆರಳಿನಷ್ಟೂ ತೆರೆಯಲ್ಲ. ಅಂಥ ಬಾಯಿಯ ಹಿಂದಿನ ಮೂಲೆಯಿಂದ ಹಲ್ಲು ತೆಗೆಯೋದು ಡಾಕ್ಟರಿಗೂ ಶಿಕ್ಷೆ, ಅವರಿಗೂ ಶಿಕ್ಷೆ. ಭಾವನಿಗೆ ಹೇಳಿದೆ. ಕೇಳಿಸಿಕೊಂಡರು. ಈಗ ಹೊಗೆಸೊಪ್ಪು ಬಿಟ್ಟಿದ್ದಾರೆ ಅಂತ ಅಕ್ಕ ಹೇಳ್ತಾಳೆ. ಎಲೆ ಅಡಿಕೆ ಬಿಟ್ಟಿಲ್ಲ.

ನನಗೆ ಎಡಗಡೆ ಇನ್ನೊಂದು ಇದೆ. ದವಡೆಯ ದೊಡ್ಡ ಎಕ್ಸ್‌ರೇಯಲ್ಲಿ ಪೂರ್ತಿ ಅಡ್ಡ ಮಲಗಿರೋದು ಕಾಣುತ್ತದೆ. ಒಬ್ಬ ಡಾಕ್ಟರು ತೆಗೆಸಿಬಿಡಿ ಅಂದರು, ಇನ್ನೊಬ್ಬರು ಕಾಟ ಕೊಡದಿದ್ದರೆ ಬಿಡಿ ಅಂದರು. ಇಂಗ್ಲೆಂಡಿನಲ್ಲಿ 2000ದಿಂದ ನಿಯಮವೇ ಹಾಗಿದೆ, ಸುಮ್ನೆ ಮಲಗಿರೋ ಬುದ್ಧಿಹಲ್ಲನ್ನ ಮುಂಜಾಗ್ರತೆ ಅಂತ ಕೀಳೋ ಹಾಗಿಲ್ಲ. ನಾನೂ ಸದ್ಯಕ್ಕೆ ಬಿಟ್ಟಿದ್ದೇನೆ. ಕೀಳಿಸಲೇಬೇಕಾಗಿ ಬಂದರೆ ಮಳೆ ನಿಂತು ಕರೆಂಟ್ ಸರಿಯಾದ ಮೇಲೆ, ಅಡಿಕೆಯ ಕೊನೆಕೊಯ್ಲು ಶುರುವಾಗೋ ಮುಂಚೆ ಕೀಳಿಸಬೇಕು. ಕೊಯ್ಲು ಶುರುವಾದರೆ ಮನೆಯಲ್ಲಿ ಯಾರಿಗೂ ಗಂಜಿ ಆರಿಸಿ ಕೊಡೋಕೆ ಪುರುಸೊತ್ತಿರಲ್ಲ.